ಕಲ್ಲು ಯಾವ ಊರಿನದು?

ಆಳಂದ ತಾಲೂಕಿನ ಮಟಕಿ ಮಹಾರಾಷ್ಟ್ರದ ಗಡಿಯ ಕಡೆಗಿರುವ ಊರು. ಅಲ್ಲಿಂದ ಕೆಳಗೆ ಅಫಜಲಪುರದ ಭೀಮಾ ದಂಡೆ, ಅದರಾಚೆ ಜೇವರ್ಗಿ. ಈ ಸೀಮೆಯ ಹಳ್ಳಿಗಳಲ್ಲಿ ಅಗಸಿಯ ಮಗ್ಗುಲಿಗೋ ಹನುಮಪ್ಪನ ಗುಡಿಯ ಕಟ್ಟಿಗೋ ಒರಗಿಸಿಟ್ಟ ಹಳೆಯ ಕಲ್ಲು ಕಾಣುವುದು ಹೊಸ ಸಂಗತಿಯಲ್ಲ. ಹೆಚ್ಚಿನವು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೊರಟ ಅಪ್ಸರೆಯರು. ಮೇಲೆ ಲಿಂಗದೆದುರು ಕೈಮುಗಿದು ಕೂತ ಅವನೇ. ನೆತ್ತಿಯಲ್ಲಿ ಸೂರ್ಯ ಚಂದ್ರ. ತಲೆತಲಾಂತರದಿಂದ ಹಚ್ಚಿದ ಎಣ್ಣೆ, ಕುಂಕುಮ, ಸುಣ್ಣ ಸೇರಿ ವೀರನ ಮೂಗು ಕಣ್ಣು ಎಲ್ಲಿವೆ ಎಂದು ಬೆರಳಿಂದ ತಡವಿ ತಿಳಿಯಬೇಕು. ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತನೋ, ಅರಸನ ದಂಡಿನಲ್ಲಿ ಸತ್ತನೋ, ಊರಿಗೆ ನೆನಪಿಲ್ಲ. ಹೆಸರೂ ಉಳಿದಿಲ್ಲ. ಅಮಾವಾಸ್ಯೆಯ ಕಾಯಿ ಮಾತ್ರ ತಪ್ಪಿಲ್ಲ.

ಇದರ ಒಡೆಯರು ಯಾರು ಎಂದು ಕೇಳಿದರೆ ಕಟ್ಟಿ ಮೇಲೆ ಕೂತವರು ನಕ್ಕಾರು. ದೇವರಿಗೆ ಒಡೆಯರಿರುತ್ತಾರೆಯೆ? ಪೂಜಾರಿಗೆ ಪೂಜೆಯ ಪಾಳಿ, ಗೌಡರಿಗೆ ಮೊದಲ ಕಾಯಿಯ ಮಾನ, ಉಳಿದವರಿಗೆ ಹರಕೆ. ಇಷ್ಟರಲ್ಲಿ ಎಲ್ಲರ ಹಕ್ಕೂ ಮುಗಿಯಿತು. ಒಡೆತನದ ಪ್ರಶ್ನೆ ಏಳುವುದು ಕಲ್ಲು ಕಳುವಾದ ದಿನ. ಆ ದಿನ ನಮ್ಮ ಕಾನೂನು ಏನು ಉತ್ತರ ಕೊಡುತ್ತದೆ, ಆ ಉತ್ತರದಲ್ಲಿ ಊರಿಗೆ ಎಷ್ಟು ಜಾಗವಿದೆ ಎಂಬುದು ಇಲ್ಲಿಯ ವಿಚಾರ.

ಅಂಥ ಒಂದು ಕಲ್ಲು ರಾತ್ರಿ ಟೆಂಪೋ ಹತ್ತಿತು ಎಂದಿಟ್ಟುಕೊಳ್ಳೋಣ. ಬೆಳಗಾಗುವುದರೊಳಗೆ ಅದು ಸೊಲ್ಲಾಪುರ ದಾಟಿರುತ್ತದೆ. ರಾಜ್ಯದ ಗಡಿ ದಾಟುವುದು ರಫ್ತಲ್ಲ, ಹಾಗಾಗಿ ಅಲ್ಲಿ ಯಾರೂ ಕೇಳುವುದಿಲ್ಲ. ಠಾಣೆಯಲ್ಲಿ ದೂರು ಬರೆಸಲು ಹೋದವರು ಏನು ಬರೆಸಬೇಕು? ಕರಿ ಕಲ್ಲು, ಎತ್ತರ ಸುಮಾರು ಮೂರು ಅಡಿ, ಮೇಲೆ ಕುಂಕುಮ. ಫೋಟೊ ಇಲ್ಲ, ಅಳತೆ ಇಲ್ಲ, ಯಾವ ದಫ್ತರದಲ್ಲೂ ನಮೂದಿಲ್ಲ. ಮುಂಬೈ ಮುಟ್ಟುವ ಹೊತ್ತಿಗೆ ಕುಂಕುಮ ತೊಳೆದಿರುತ್ತದೆ. ಕಾಗದದಲ್ಲಿ ಅದು ಹೊಸದಾಗಿ ಕೆತ್ತಿದ ಕರಕುಶಲ ವಸ್ತು. ಮ್ಯಾನ್‌ಹಟನ್ನಿನ ವ್ಯಾಪಾರಿ ಸುಭಾಷ್ ಕಪೂರ್ ತಮಿಳುನಾಡಿನ ಚೋಳರ ಮೂರ್ತಿಗಳನ್ನು ತರಿಸಿಕೊಂಡದ್ದು ಇಂಥ ಕಾಗದಗಳ ಮೇಲೆಯೇ. 2011ರಲ್ಲಿ ಜರ್ಮನಿಯಲ್ಲಿ ಸಿಕ್ಕಿಬಿದ್ದ ಆತನಿಗೆ 2022ರಲ್ಲಿ ಕುಂಭಕೋಣಂ ನ್ಯಾಯಾಲಯ ಹತ್ತು ವರ್ಷ ಶಿಕ್ಷೆ ವಿಧಿಸಿತು.

ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಕಸ್ಟಮ್ಸ್‌ನವರ ಮೇಜಿನ ಮೇಲೆ ಕೊನೆಗೂ ಕಾನೂನು ಕಣ್ಣು ತೆರೆಯುತ್ತದೆ. ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1972ರದು. ಜಾರಿಗೆ ಬಂದದ್ದು 1976ರ ಏಪ್ರಿಲ್‌ನಲ್ಲಿ. ನೂರು ವರ್ಷ ತುಂಬಿದ ಶಿಲ್ಪ, ಚಿತ್ರ, ನಾಣ್ಯ, ಶಾಸನ ಎಲ್ಲವೂ ಪ್ರಾಚ್ಯವಸ್ತು. ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ಇವನ್ನು ಕೇಂದ್ರ ಸರ್ಕಾರ ಅಥವಾ ಅದು ಒಪ್ಪಿದ ಸಂಸ್ಥೆಯ ಹೊರತು ಬೇರೆ ಯಾರೂ ದೇಶದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಜೊತೆಗೆ ದಂಡ. ವಸ್ತು ಪ್ರಾಚ್ಯವೋ ಅಲ್ಲವೋ ಎಂಬ ತಕರಾರು ಬಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಮಾತೇ ಕೊನೆ. ಕಾಯ್ದೆಯ ಪೀಠಿಕೆ ರಫ್ತಿನ ವಿಚಾರದಿಂದಲೇ ಶುರುವಾಗುತ್ತದೆ. ಆಮದಿನ ಬಗ್ಗೆ, ಅಂದರೆ ಬೇರೆ ದೇಶದಲ್ಲಿ ಕದ್ದದ್ದು ನಮ್ಮಲ್ಲಿಗೆ ಬಂದರೆ ಏನು ಎಂಬುದರ ಬಗ್ಗೆ, ಅದಕ್ಕೆ ಚಿಂತೆಯಿಲ್ಲ. ನಾವು ಕಳೆದುಕೊಳ್ಳುವವರೇ ಹೊರತು ಕದ್ದ ಮಾಲು ಕೊಳ್ಳುವವರಾಗಲಾರೆವು ಎಂದು 1972ರಲ್ಲಿ ಅಂದುಕೊಂಡಿರಬೇಕು.

ನನ್ನ ತಕರಾರು ಕಾಯ್ದೆಯ ಕಟ್ಟುನಿಟ್ಟಿನ ಮೇಲಲ್ಲ. ಅದು ಕೇಳುವ ಎರಡು ಪ್ರಶ್ನೆಗಳ ಮೇಲೆ: ವಸ್ತುವಿಗೆ ಎಷ್ಟು ವಯಸ್ಸು? ಅದು ಯಾವ ಗೆರೆ ದಾಟುತ್ತಿದೆ? ಇವೆರಡೂ ಮೇಲುನೋಟಕ್ಕೆ ಸರಿಯೇ. ಆದರೆ ಆ ಕಲ್ಲಿನ ಪಾಲಿಗೆ ಮುಖ್ಯವಾದ ಮೂರನೆಯದೊಂದಿದೆ. ಅದು ಎಲ್ಲಿತ್ತು, ಯಾರ ನಡುವೆ ಇತ್ತು ಎಂಬುದು. ಕಟ್ಟಿಯಿಂದ ಎತ್ತಿದ ರಾತ್ರಿಯೇ ಆ ನೆಲೆ ಹೋಯಿತು. ನಾವಾಶೇವಾ ಬಂದರಿನಲ್ಲಿ ಕಾನೂನು ಹಿಡಿಯುವುದು, ಹಿಡಿದರೆ, ಹಾಗೆ ಕಳೆದುಹೋದ ಮೇಲೆ ಉಳಿದ ಕಲ್ಲನ್ನು.

ವಯಸ್ಸಿನ ಲೆಕ್ಕ ಎಂಥದೆಂದು ನೋಡಲು ಕಲಬುರಗಿಯಲ್ಲೇ ಒಬ್ಬರಿದ್ದಾರೆ. ಚಿತ್ರಕಾರ ಎಸ್.ಎಂ. ಪಂಡಿತರು ಹುಟ್ಟಿದ್ದು 1916ರಲ್ಲಿ, ತೀರಿಕೊಂಡದ್ದು 1993ರಲ್ಲಿ. ಸಿನಿಮಾ ಪೋಸ್ಟರು, ಕ್ಯಾಲೆಂಡರಿನ ದೇವರು, ಪುರಾಣದ ತೈಲಚಿತ್ರ. ಈ ಭಾಗದ ಎಷ್ಟೋ ಮನೆಗಳಲ್ಲಿ ಜನ ಕೈಮುಗಿದ ಮುಖಗಳು ಅವರ ಕುಂಚದಿಂದ ಬಂದವು. 1940ರ ದಶಕದ ಅವರ ತೈಲಚಿತ್ರವೊಂದನ್ನು ಇವತ್ತು ಯಾರಾದರೂ ದುಬೈಗೆ ಒಯ್ದರೆ ಈ ಕಾಯ್ದೆ ತಡೆಯುವುದಿಲ್ಲ. 2040ರ ದಶಕದಲ್ಲಿ ಒಯ್ದರೆ ಜೈಲು. ನಡುವೆ ಚಿತ್ರ ಬದಲಾಗಲಿಲ್ಲ, ಗೋಡೆಯ ಪಂಚಾಂಗ ಬದಲಾಯಿತು. ಇದನ್ನು ಸರಿಪಡಿಸಲೆಂದೇ ಕಾಯ್ದೆಯಲ್ಲಿ 'ಕಲಾನಿಧಿ' ಎಂಬ ಎರಡನೆಯ ಬಾಗಿಲಿದೆ: ನೂರು ವರ್ಷ ಆಗದಿದ್ದರೂ, ಕಲಾವಿದ ಬದುಕಿಲ್ಲದಿದ್ದರೆ, ಸರ್ಕಾರ ಘೋಷಿಸಬಹುದು. ಹಾಗೆ ಘೋಷಿತರಾದವರು ಒಂಬತ್ತು ಜನ: ರವಿವರ್ಮ, ರವೀಂದ್ರನಾಥ ಟ್ಯಾಗೋರ್, ಗಗನೇಂದ್ರನಾಥ, ಅವನೀಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ, ನಿಕೊಲಾಯ್ ರೋರಿಕ್. ಒಂಬತ್ತರಲ್ಲಿ ಬಂಗಾಳದ ಪಾಲು ಎಷ್ಟೆಂದು ಓದುಗರೇ ಎಣಿಸಿಕೊಳ್ಳಲಿ. ರಷ್ಯದಲ್ಲಿ ಹುಟ್ಟಿದ ರೋರಿಕ್ ಪಟ್ಟಿಯಲ್ಲಿರುವುದು ಮಾತ್ರ ನನಗೆ ಸಂತೋಷದ ಸಂಗತಿ. ಹುಟ್ಟಿದ ದೇಶಕ್ಕಿಂತ ಕೂತು ಬರೆದ ಬೆಟ್ಟ ದೊಡ್ಡದು ಎಂದು ಒಂದು ಸಲವಾದರೂ ಸರ್ಕಾರ ಒಪ್ಪಿತಲ್ಲ!

ಇನ್ನು ಗೆರೆಯ ಪ್ರಶ್ನೆ. ರಾಷ್ಟ್ರದ ಸೊತ್ತು ಎನ್ನುವಾಗ ನಾವು ಯಾವ ರಾಷ್ಟ್ರದ ಮಾತಾಡುತ್ತಿದ್ದೇವೆ? ಆಳಂದ, ಅಫಜಲಪುರ, ಜೇವರ್ಗಿಯ ನೆಲವನ್ನು ರಾಷ್ಟ್ರಕೂಟರು ಮಳಖೇಡದಿಂದ ಆಳಿದರು, ಚಾಲುಕ್ಯರು ಕಲ್ಯಾಣದಿಂದ, ಬಹಮನಿಗಳು 1347ರಿಂದ ಕಲಬುರಗಿಯಿಂದ. ಆಮೇಲೆ ವಿಜಯಪುರದ ಆದಿಲಶಾಹಿ, ಮೊಗಲರು, ಹೈದರಾಬಾದಿನ ನಿಜಾಮ. 1948ರ ಸೆಪ್ಟೆಂಬರ್ 17ಕ್ಕೆ ಭಾರತ, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ. ಕಲ್ಲು ಇದ್ದಲ್ಲೇ ಇತ್ತು. ಅದರ ಸುತ್ತ ರಾಜ್ಯಗಳು ಬಂದು ಹೋದವು. ಈ ಎಲ್ಲ ಆಡಳಿತಗಳಲ್ಲಿ ಯಾರೂ ಅದಕ್ಕೆ ಎಣ್ಣೆ ಹಚ್ಚಿದವರಲ್ಲ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛತ್ತಿನಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಇಂದು ಮುಂಬೈಯ ವಸ್ತುಸಂಗ್ರಹಾಲಯದಲ್ಲಿವೆ. ಆಗ ಆ ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ಆದ್ದರಿಂದ ಹೋದವು. ಇದು ಕಳ್ಳಸಾಗಣೆಯಲ್ಲ, ರಫ್ತೂ ಅಲ್ಲ, ಯಾವ ಕಾನೂನೂ ಮುರಿದಿಲ್ಲ. ಆದರೂ ಐಹೊಳೆಯ ಗುಡಿಯಲ್ಲಿ ನಿಂತು ಛತ್ತಿನ ಖಾಲಿ ಚೌಕ ನೋಡುವವರಿಗೆ ಮುಂಬೈಯೂ ಲಂಡನ್ನೂ ಒಂದೇ ದೂರದಲ್ಲಿವೆ.

ಲಂಡನ್ನಿನ ಮಾತು ಬಂತು. ಟಿಪ್ಪುವಿನ ಸಿಂಹಾಸನದ ಸುತ್ತ ಚಿನ್ನದ ಎಂಟು ಹುಲಿತಲೆಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಆ ತಲೆಗಳಲ್ಲೊಂದನ್ನು ಬ್ರಿಟನ್ನಿನಿಂದ ಹೊರಗೆ ಮಾರುವ ಪ್ರಸ್ತಾಪ ಬಂದಾಗ, 2021ರ ನವೆಂಬರಿನಲ್ಲಿ, ಬ್ರಿಟಿಷ್ ಸರ್ಕಾರ ತಾತ್ಕಾಲಿಕ ರಫ್ತು ತಡೆ ಹಾಕಿತು. ಬೆಲೆ 15 ಲಕ್ಷ ಪೌಂಡ್. ಅಲ್ಲಿಯ ಪದ್ಧತಿ ನಮ್ಮದರ ಹಾಗಲ್ಲ. ವಸ್ತು ದೇಶದ ಇತಿಹಾಸಕ್ಕೆ ಹತ್ತಿರದ್ದೋ, ಕಲೆಯಾಗಿ ಅಪರೂಪದ್ದೋ, ಅಧ್ಯಯನಕ್ಕೆ ಬೇಕಾದದ್ದೋ ಎಂದು ತಜ್ಞರು ನೋಡುತ್ತಾರೆ. ಹೌದಾದರೆ ಕೆಲವು ತಿಂಗಳು ತಡೆದು, ಅದೇ ಬೆಲೆ ಕೊಟ್ಟು ಕೊಳ್ಳುವವರು ದೇಶದೊಳಗೆ ಇದ್ದಾರೆಯೇ ಎಂದು ಹುಡುಕುತ್ತಾರೆ; ಸಿಗದಿದ್ದರೆ ಬಿಡುತ್ತಾರೆ. ವಿವೇಕದ ಪದ್ಧತಿಯೇ. ಆದರೆ ಲೂಟಿಯ ಮಾಲು ಇನ್ನೂರು ವರ್ಷ ಮನೆಯಲ್ಲಿದ್ದರೆ ಅದು ಮನೆಯ ಪರಂಪರೆಯಾಗಿಬಿಡುತ್ತದೆ! ಯುನೆಸ್ಕೊದ 1970ರ ಒಡಂಬಡಿಕೆಗೆ ಭಾರತ 1977ರಲ್ಲಿ ಸೇರಿತು. ಆ ಒಡಂಬಡಿಕೆ ಹಿಂದಿನದನ್ನು ಕೆದಕುವುದಿಲ್ಲ. ವಿಜಯಪುರದ ಆಸಾರ್ ಮಹಲಿನ ಅರಬ್ಬಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು, ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳ ಬಗ್ಗೆ ಯಾವ ಕಾನೂನಿಗೂ ನಾಲಿಗೆಯಿಲ್ಲ.

ಬ್ರಿಟನ್ನನ್ನು ಆಡಿಕೊಂಡು ಸುಮ್ಮನಾಗುವಂತಿಲ್ಲ. ನಮ್ಮ ಸೀಮೆಯ ಹಳೆಯ ದೊರೆ ನಿಜಾಮನ ಒಡವೆಗಳ ಕಥೆಯೂ ಇದೆ. ನಿಜಾಮನ ಟ್ರಸ್ಟುಗಳು ಮಾರಲು ಹೊರಟಾಗ ವಿದೇಶದ ಗಿರಾಕಿಗಳು ಸಾಲುಗಟ್ಟಿದರು. ಪ್ರಾಚ್ಯವಸ್ತು ಎಂದ ಮೇಲೆ ಹೊರಗೆ ಹೋಗುವಂತಿಲ್ಲವಲ್ಲ, ಕೊಳ್ಳುವವರಲ್ಲಿ ಸರ್ಕಾರವೇ ಉಳಿಯಿತು; ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1995ರಲ್ಲಿ 173 ಒಡವೆಗಳು ಸುಮಾರು 218 ಕೋಟಿ ರೂಪಾಯಿಗೆ ಭಾರತ ಸರ್ಕಾರದ ಕೈಗೆ ಬಂದವು. ದೇಶ ಗೆದ್ದಿತು. ಒಡವೆಗಳು ರಿಸರ್ವ್ ಬ್ಯಾಂಕಿನ ತಿಜೋರಿ ಸೇರಿದವು. ಯಾರ ತೊಗರಿ ಜೋಳದ ಕಂದಾಯದಿಂದ ನಿಜಾಮನ ಖಜಾನೆ ತುಂಬಿತೋ ಅವರ ಮೊಮ್ಮಕ್ಕಳಲ್ಲಿ ಅವನ್ನು ಕಂಡವರು ಕಡಿಮೆ. ರಫ್ತು ತಡೆಯುವುದರಿಂದ ವಸ್ತು ದೇಶದಲ್ಲಿ ಉಳಿಯುತ್ತದೆ. ಜನರ ನಡುವೆ ಉಳಿಯುತ್ತದೆಂದು ಇದರ ಅರ್ಥವಲ್ಲ.

ಇಲ್ಲಿ ಒಂದು ಗಟ್ಟಿ ಎದುರುವಾದಕ್ಕೆ ಕಿವಿಗೊಡಬೇಕು. ಸ್ಟ್ಯಾನ್‌ಫರ್ಡಿನ ಕಾನೂನು ಪ್ರಾಧ್ಯಾಪಕ ಜಾನ್ ಹೆನ್ರಿ ಮೆರಿಮನ್ 1986ರಲ್ಲಿ ಬರೆದ ಒಂದು ಲೇಖನದಲ್ಲಿ ಸಾಂಸ್ಕೃತಿಕ ಸೊತ್ತನ್ನು ನೋಡುವ ಎರಡು ಬಗೆಗಳನ್ನು ಎದುರು ಬದುರು ನಿಲ್ಲಿಸಿದರು. ಒಂದು, ಅದು ಹುಟ್ಟಿದ ರಾಷ್ಟ್ರದ್ದು ಎಂಬುದು. ಇನ್ನೊಂದು, ಅದು ಮನುಕುಲದ್ದು, ಯಾರು ಚೆನ್ನಾಗಿ ಕಾಯುತ್ತಾರೋ ತೋರಿಸುತ್ತಾರೋ ಅವರಲ್ಲಿರಲಿ ಎಂಬುದು. ಎರಡನೆಯದು ಅವರ ಒಲವು. ಸಿರಿವಂತ ದೇಶದವರ ಅನುಕೂಲದ ವಾದ ಎಂದು ತಳ್ಳಿಹಾಕಬಹುದಿತ್ತು, ಕನಗನಹಳ್ಳಿ ಇಲ್ಲದಿದ್ದರೆ. ಭೀಮೆಯ ದಂಡೆಯ ಸನ್ನತಿಗೆ ಹತ್ತಿರದ ಆ ಊರಿನಲ್ಲಿ 1990ರ ದಶಕದಲ್ಲಿ ಅಗೆದಾಗ ಬೌದ್ಧ ಮಹಾಸ್ತೂಪ ಹೊರಬಂತು. ಸುಣ್ಣಕಲ್ಲಿನ ಹಾಸುಗಳ ಮೇಲೆ ಬಳ್ಳಿಯಂತೆ ಬಳುಕಿದ ಉಬ್ಬುಗೆತ್ತನೆ. ಒಂದರಲ್ಲಿ ರಾಣಿಯೊಂದಿಗೆ ನಿಂತ ಅರಸ, ಕೆಳಗೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ'. ಹೆಸರು ಬರೆದಿಟ್ಟ ಅಶೋಕನ ಚಿತ್ರ ಜಗತ್ತಿಗೆ ಸಿಕ್ಕಿದ್ದು ಅಲ್ಲಿ. ಇಂಥ ಜಾಗದ ಫಲಕಗಳು ಅಗೆದ ಮೇಲೆ ವರ್ಷಗಟ್ಟಲೆ ಬಿಸಿಲು ಮಳೆಗೆ ಬಯಲಲ್ಲಿ ಬಿದ್ದಿದ್ದವು. ನ್ಯೂಯಾರ್ಕಿನಲ್ಲಿದ್ದಿದ್ದರೆ ಗಾಜಿನ ಪೆಟ್ಟಿಗೆಯಲ್ಲಿರುತ್ತಿದ್ದವು ಎಂದು ಯಾರಾದರೂ ಅಂದರೆ ಬಾಯಿ ಕಟ್ಟುತ್ತದೆ.

ಹಾಗೆಂದು ಬಾಯಿ ಕಟ್ಟಿಯೇ ಉಳಿಯಬೇಕಿಲ್ಲ. ಮೆರಿಮನ್ ಲೇಖನ ಬರೆದ 1986ರಲ್ಲೇ ಸನ್ನತಿಯ ಚಂದ್ರಲಾಂಬೆಯ ಆವರಣದಲ್ಲಿ ಕಾಳಿಗುಡಿಯ ಛತ್ತು ಕುಸಿಯಿತು. ಮೂರ್ತಿ ಭಿನ್ನವಾಯಿತು. ಅದರ ಕೆಳಗಿದ್ದ ಪೀಠದ ಕಲ್ಲನ್ನು ಎತ್ತಿ ನೋಡಿದರೆ ಎರಡೂ ಮಗ್ಗುಲಲ್ಲಿ ಅಶೋಕನ ಶಾಸನ: ಒಂದೆಡೆ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನದ ಭಾಗ, ಇನ್ನೊಂದೆಡೆ ಅದುವರೆಗೆ ಕಳಿಂಗದಲ್ಲಿ ಮಾತ್ರ ಕಂಡಿದ್ದ ಪ್ರತ್ಯೇಕ ಶಾಸನಗಳು. ನಡುವೆ ಅಕ್ಷರಗಳನ್ನು ಕೊರೆದು ಮೂರ್ತಿಯ ಬುಡ ಕೂರಿಸಲು ಮಾಡಿದ ತೂತು. ಈ ತೂತನ್ನು ನಾನು ಎರಡು ರೀತಿ ನೋಡುತ್ತೇನೆ. ಓದಲು ಬಾರದವರು ಶಾಸನವನ್ನು ಕೊರೆದರು ಎಂಬುದು ಒಂದು. ಕೊರೆದು ಪೀಠ ಮಾಡಿದ್ದಕ್ಕೇ ಅದು ಕಟ್ಟಡದ ಕಲ್ಲಾಗಲಿಲ್ಲ, ಒಗೆಯುವ ಕಲ್ಲಾಗಲಿಲ್ಲ, ಮಾರಾಟಕ್ಕೂ ಹೋಗಲಿಲ್ಲ ಎಂಬುದು ಇನ್ನೊಂದು. ಊರಿನ ಬಳಕೆ ಕೆಡಿಸುತ್ತದೆ, ಕಾಯುತ್ತದೆ, ಎರಡನ್ನೂ ಒಂದೇ ಕೈಯಿಂದ ಮಾಡುತ್ತದೆ. ಮನುಕುಲದ ಹೆಸರಿನಲ್ಲಿ ವಾದಿಸುವವರು ಈ ಕೈಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ರಾಷ್ಟ್ರದ ಹೆಸರಿನಲ್ಲಿ ವಾದಿಸುವವರೂ ಹಿಡಿಯುವುದಿಲ್ಲ. ಇಬ್ಬರ ಜಗಳದಲ್ಲಿ ಊರು ಸಾಕ್ಷಿಯೂ ಅಲ್ಲ.

ಊರನ್ನು ಕಕ್ಷಿದಾರನೆಂದು ಒಪ್ಪಿದ ತೀರ್ಪು ಬಂದದ್ದು, ವಿಚಿತ್ರವೆಂದರೆ, ಲಂಡನ್ನಿನಿಂದ. ತಂಜಾವೂರು ಸೀಮೆಯ ಪತ್ತೂರಿನಲ್ಲಿ ಪಾಳುಬಿದ್ದ ಗುಡಿಯ ಬಳಿ 1976ರಲ್ಲಿ ಕೂಲಿಕಾರನೊಬ್ಬ ನೆಲ ಅಗೆಯುತ್ತಿದ್ದಾಗ ಕಂಚಿನ ನಟರಾಜ ಸಿಕ್ಕಿತು. ಕೈಯಿಂದ ಕೈಗೆ ದಾಟಿ ಅದು ಲಂಡನ್ ಸೇರಿ ಬಂಪರ್ ಡೆವಲಪ್‌ಮೆಂಟ್ ಎಂಬ ಕೆನಡಾದ ಕಂಪನಿಯ ಪಾಲಾಯಿತು. ಪೊಲೀಸರು ಜಪ್ತಿ ಮಾಡಿದರು. ಮೊಕದ್ದಮೆಯಲ್ಲಿ ಭಾರತ ಸರ್ಕಾರ, ತಮಿಳುನಾಡು ಸರ್ಕಾರಗಳ ಜೊತೆಗೆ ಸ್ವತಃ ಗುಡಿಯೂ ಅಲ್ಲಿಯ ಶಿವಲಿಂಗವೂ ಹಕ್ಕು ಕೇಳಿದ ಕಕ್ಷಿಗಳು. 1988ರಲ್ಲಿ ಹೈಕೋರ್ಟ್, 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನ ತಿರುಳು: ಪತ್ತೂರಿನ ಗುಡಿ ದಾವೆ ಹೂಡಬಲ್ಲ ವ್ಯಕ್ತಿ, ಅದರ ಹಕ್ಕು ಕೊಂಡವರ ಹಕ್ಕಿಗಿಂತ ಮೇಲು. ಪೂಜೆ ನಿಂತು ಶತಮಾನಗಳಾದ ಗುಡಿ ಅದು. ದೇವರು ಆಸ್ತಿ ಹೊಂದಬಲ್ಲ, ಮನುಷ್ಯರು ಅದರ ನೋಡಿಕೊಳ್ಳುವವರು ಮಾತ್ರ ಎಂಬುದು ನಮ್ಮ ನ್ಯಾಯಾಲಯಗಳಿಗೆ ಹಳೆಯ ಸಂಗತಿ. ಅದು ಸಮುದ್ರ ದಾಟಿಯೂ ನಿಂತಿತು.

ನನ್ನ ವಾದ ಇಲ್ಲಿಂದ ಹುಟ್ಟುತ್ತದೆ. ಮೂಲ ಹಕ್ಕು ಜಾಗದ್ದು. ಕಟ್ಟಿಯದು, ಗುಡಿಯದು, ದರ್ಗಾದ್ದು, ಬಸದಿಯದು. ರಾಷ್ಟ್ರದ ಹಕ್ಕು ಅದರಿಂದ ಬಂದದ್ದು, ಊರಿನ ಪರವಾಗಿ ದೂರದ ಕೋರ್ಟಿನಲ್ಲಿ ನಿಲ್ಲಬಲ್ಲ ಪ್ರತಿನಿಧಿಯ ಹಕ್ಕು. ಪ್ರತಿನಿಧಿಯೇ ಯಜಮಾನನಾಗಿ ಕೂತದ್ದು 1972ರ ಕಾಯ್ದೆಯ ದೋಷ.

ಹಾಗಾದರೆ ಊರು ತನ್ನ ಕಲ್ಲನ್ನು ಏನು ಬೇಕಾದರೂ ಮಾಡಬಹುದೇ? ಈ ಪ್ರಶ್ನೆ ನನ್ನ ವಾದವನ್ನು ನಿಜಕ್ಕೂ ಕಾಡುತ್ತದೆ. ನಿಧಿಗಳ್ಳರು ನಂದಿಯ ಬುಡ ಅಗೆದು ಕೆಡವಿದ್ದು ಎಷ್ಟೋ, ಅಷ್ಟೇ ಹಾಳು ಊರಿನವರೇ ಜೀರ್ಣೋದ್ಧಾರದ ಹೆಸರಿನಲ್ಲಿ ಮಾಡಿದ್ದಾರೆ. ಹಳೆಯ ಕಂಬ ಕಿತ್ತು ಗ್ರಾನೈಟ್, ಶಿಲ್ಪದ ಮೇಲೆ ಎಣ್ಣೆಬಣ್ಣ, ಬಾಗಿಲವಾಡಕ್ಕೆ ಟೈಲ್ಸು. ಭಿನ್ನವಾದ ಮೂರ್ತಿಯನ್ನು ಪೂಜಿಸಬಾರದು, ಹೊಳೆಗೆ ಬಿಡಬೇಕು ಎಂಬ ರೂಢಿ ಬೇರೆ. ಪುರಾತತ್ವದವನಿಗೆ ಮೂಗು ಮುರಿದ ಮೂರ್ತಿಯೂ ಮೂರ್ತಿಯೇ. ಭಕ್ತನಿಗೆ ಅದರಲ್ಲಿ ದೇವರಿಲ್ಲ, ಭೀಮೆಗೆ ಬಿಡುವುದೇ ಮರ್ಯಾದೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಆದರೆ ಊರು ಎಂದರೆ ಇವತ್ತು ಬದುಕಿರುವವರಷ್ಟೇ ಅಲ್ಲ. ವೀರಗಲ್ಲು ನಿಲ್ಲಿಸಿದವರು ಸೂರ್ಯಚಂದ್ರರನ್ನು ಕೆತ್ತಿಸಿದ್ದು ಅವು ಇರುವವರೆಗೆ ಇದಿರಲಿ ಎಂದು. ಮುಂದೆ ಬರುವವರಿಗೂ ಅದರಲ್ಲಿ ಪಾಲಿದೆ. ಇವತ್ತಿನ ಊರಿಗೆ ಪೂಜಿಸುವ, ಪೂಜೆ ನಿಲ್ಲಿಸುವ, ಬೇರೆ ಕಡೆ ಇಡುವ, ಕಳಿಸಲೊಲ್ಲೆ ಎನ್ನುವ ಹಕ್ಕಿದೆ. ಮಾರುವ, ಒಡೆಯುವ, ಮುಳುಗಿಸುವ ಹಕ್ಕಿಲ್ಲ. ಪೂಜಾರಿಗೆ ಇದು ಕಠಿಣವಾಗಿ ಕಾಣಬಹುದು. ದೇವರ ಆಸ್ತಿ ನೋಡಿಕೊಳ್ಳುವವನಿಗೆ ಕಾನೂನು ಯಾವತ್ತೂ ಹಾಕಿರುವ ಕಟ್ಟು ಇದೇ.

ಈಗ ಕಾಯ್ದೆ ಮತ್ತೆ ಕೈಗೆ ಬರಲಿ. ಜಾಗ ಮೂಲವೆಂದರೆ ಮೊದಲ ಕೆಲಸ ಜಾಗವನ್ನು ಬರೆದಿಡುವುದು. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕದ್ದ ನಟರಾಜನನ್ನು ಆಸ್ಟ್ರೇಲಿಯಾ 2014ರಲ್ಲಿ ಮರಳಿಸಿದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ತೆಗೆದಿಟ್ಟ ಒಂದು ಫೋಟೊದ ಬಲದಿಂದ. ದೇಶದ ಸುಮಾರು 58 ಲಕ್ಷ ಪ್ರಾಚ್ಯವಸ್ತುಗಳಲ್ಲಿ ದಾಖಲಾದದ್ದು 16.8 ಲಕ್ಷದಷ್ಟು ಎಂದು 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿ ಹೇಳಿತು. ಉಳಿದವು ನಾಳೆ ಕಳುವಾದರೆ, ಇದು ನಮ್ಮದು ಎಂದು ಯಾವ ಕೋರ್ಟಿನಲ್ಲಿ ಏನನ್ನು ತೋರಿಸುವುದು? 1972ರ ಕಾಯ್ದೆಯಲ್ಲಿ ನೋಂದಣಿ ಇದೆ. ಆದರೆ ಅದರ ಭಾರ ಇಟ್ಟುಕೊಂಡವನ ಮೇಲೆ, ಅರ್ಜಿ ಹಿಡಿದು ಅಧಿಕಾರಿಯ ಬಳಿ ಹೋಗಬೇಕಾದವನು ಅವನು. ಕಟ್ಟಿಗೆ ಒರಗಿದ ಕಲ್ಲಿನ ಪರವಾಗಿ ಅರ್ಜಿ ಹಾಕುವವರು ಯಾರು? ಮನೆಯಲ್ಲಿ ಅಜ್ಜನ ತಾಮ್ರದ ತಂಬಿಗೆ, ತಾಡೋಲೆ ಕಟ್ಟು ಇದ್ದವರೂ ಸರ್ಕಾರಕ್ಕೆ ಗೊತ್ತಾದರೆ ಒಯ್ದಾರು ಎಂದು ಬಾಯಿಬಿಡುವುದಿಲ್ಲ. ಅಂಜಿಕೆ ಪೂರ್ತಿ ಹುಸಿಯೂ ಅಲ್ಲ. ಬೆಲೆ ಕೊಟ್ಟು ಕಡ್ಡಾಯವಾಗಿ ವಶಪಡಿಸಿಕೊಳ್ಳುವ ಕಲಮೂ ಅದೇ ಕಾಯ್ದೆಯಲ್ಲಿದೆ.

ಗ್ರಾಮ ಪಂಚಾಯಿತಿಯ ದಫ್ತರದಲ್ಲಿ ಕೆರೆ, ಗೋಮಾಳ, ರುದ್ರಭೂಮಿ ಇರುವಂತೆ ಊರಿನ ಹಳೆಯ ಕಲ್ಲುಗಳೂ ಇರಲಿ: ಫೋಟೊ, ಅಳತೆ, ಎಲ್ಲಿದೆ, ಏನೆಂದು ಕರೆಯುತ್ತಾರೆ, ಯಾವ ದಿನ ಪೂಜೆ. ಮಟಕಿಯಂಥ ಊರಲ್ಲಿ ಹೈಸ್ಕೂಲಿನ ಹುಡುಗರು ಮೊಬೈಲು ಹಿಡಿದರೆ ವಾರದೊಳಗೆ ಮುಗಿಯುವ ಕೆಲಸ. ಪಟ್ಟಿ ಮಾಡಿದರೆ ಕಳ್ಳರಿಗೇ ದಾರಿ ತೋರಿಸಿದಂತೆ ಎನ್ನುವವರಿದ್ದಾರೆ. ಎಲ್ಲಿ ಏನಿದೆ ಎಂಬ ಪಟ್ಟಿ ಕಳ್ಳರ ಬಳಿ ಆಗಲೇ ಇದೆ. ಇಲ್ಲದ್ದು ಊರಿನ ಬಳಿ.

ಇಷ್ಟಾದರೂ ಕೊನೆಯ ಗಂಟು ಬಿಚ್ಚುವುದಿಲ್ಲ. 2024ರ ಜುಲೈನಲ್ಲಿ ಭಾರತ ಮತ್ತು ಅಮೆರಿಕ ಸಾಂಸ್ಕೃತಿಕ ಸೊತ್ತಿನ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕ 297 ವಸ್ತುಗಳನ್ನು ಒಪ್ಪಿಸಿತು. ಇಂಥವು ಬಂದಿಳಿಯುವುದು ದಿಲ್ಲಿಗೆ. ಮರಳಿ ಪಡೆದವನ್ನೂ ಜಪ್ತಿಯಾದವನ್ನೂ ತೋರಿಸಲು ಪುರಾನಾ ಕಿಲಾದಲ್ಲಿ 2019ರಿಂದ ಒಂದು ಗ್ಯಾಲರಿಯೇ ಇದೆ. ಊರು ಗೊತ್ತಿಲ್ಲದ್ದನ್ನು ಅಲ್ಲಿಡುವುದು ಸರಿ. ಊರು ಗೊತ್ತಿದ್ದದ್ದಕ್ಕೂ ದಾರಿ ಸಲೀಸಲ್ಲ: ಲಂಡನ್ನಿನಲ್ಲಿ ಗೆದ್ದ ಪತ್ತೂರಿನ ನಟರಾಜನನ್ನು ಭದ್ರತೆಯ ಕಾರಣಕ್ಕೆ ತಿರುವಾರೂರಿನ ಮೂರ್ತಿ ಭಂಡಾರದಲ್ಲಿಟ್ಟರು. ನಮ್ಮ ಕಲ್ಲು ನ್ಯೂಯಾರ್ಕಿನಿಂದ ಬಂದರೆ ಹೆಚ್ಚೆಂದರೆ ಕಲಬುರಗಿಯ ವಸ್ತುಸಂಗ್ರಹಾಲಯದವರೆಗೆ ಬಂದೀತು. ಕಾರಣ ಕೇಳಿದರೆ ಊರಲ್ಲಿ ಭದ್ರತೆಯಿಲ್ಲ ಎನ್ನುತ್ತಾರೆ, ಆ ಮಾತು ಸುಳ್ಳಲ್ಲ. ಆದರೆ ಹಾಗೆನ್ನುವ ಇಲಾಖೆ ಅದನ್ನು ಊರಿಗೆ ಬರಹದಲ್ಲಿ ತಿಳಿಸಬೇಕು, ಏನೇನಿದ್ದರೆ ಕೊಡುತ್ತೇವೆ ಎಂದೂ ಬರೆಯಬೇಕು: ಕಬ್ಬಿಣದ ಜಾಳಿಗೆ, ಬೀಗ, ಒಂದು ಕ್ಯಾಮೆರಾ, ರಾತ್ರಿ ಪಾಳಿಗೆ ಒಬ್ಬ ಕಾವಲುಗಾರ. ಕಾವಲುಗಾರನ ತಿಂಗಳ ಸಂಬಳವನ್ನು ಪಂಚಾಯಿತಿ ಕೊಡಬೇಕೋ, ಮುಜರಾಯಿಯವರೋ, ದಿಲ್ಲಿಯೋ ಎಂಬ ಚರ್ಚೆಯನ್ನು ಕಲ್ಲು ಕಟ್ಟಿ ಮೇಲೆ ಇರುವಾಗಲೇ ಮುಗಿಸಿಕೊಳ್ಳಬೇಕು. ಕಳುವಾದ ಮೇಲೆ ವಕೀಲರಿಗೆ, ವಿಮಾನಕ್ಕೆ, ಒಪ್ಪಂದದ ಸಮಾರಂಭಕ್ಕೆ ಆಗುವ ಖರ್ಚು ಯಾವ ಬಜೆಟ್ಟಿನದೆಂದು ಯಾರೂ ಕೇಳುವುದಿಲ್ಲ.